ಫ್ರೆಂಚ್ ಈಗ ಯಾರ ಮನೆಯ ಮಾತು?

ಹೋದ ಸಂಚಿಕೆಯಲ್ಲಿ ನನ್ನ ದುಭಾಷಿ ಕೆಲಸದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಇಪ್ಪತ್ತೆರಡು ವರ್ಷ ಗಾಜಿನ ಗೂಡಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಫ್ರೆಂಚಿನಲ್ಲಿ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಬಂದವಳು ನಾನು. ಅದನ್ನು ಓದಿ ಇಷ್ಟೊಂದು ಜನ ಪತ್ರ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ಗೂಡಿನ ಬಗ್ಗೆ ಕೇಳಿದವರು ಇಬ್ಬರೋ ಮೂವರೋ. ಉಳಿದವರೆಲ್ಲ ಕೇಳಿದ್ದು ಆ ಭಾಷೆಯ ಬಗ್ಗೆ. ಅದು ಬೆಳೀತಿದೆಯಾ, ಸೊರಗ್ತಿದೆಯಾ, ಇನ್ನೂ ಯಾರಿಗೆ ಬೇಕು ಅಂತ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಫ್ರೆಂಚ್ ಮಾತಾಡುವವರು 8 ಕೋಟಿ ಅಂತ ಒಂದು ಕಡೆ ಓದಿದೆ. 32 ಕೋಟಿ ಅಂತ ಇನ್ನೊಂದು ಕಡೆ. ಇಷ್ಟು ವ್ಯತ್ಯಾಸ ಹೇಗೆ ಬರುತ್ತೆ? ಯಾರು ಸುಳ್ಳು ಹೇಳ್ತಿದ್ದಾರೆ?
– ಪದವಿ ವಿದ್ಯಾರ್ಥಿನಿ

ಯಾರೂ ಸುಳ್ಳು ಹೇಳುತ್ತಿಲ್ಲಮ್ಮ. ಎಣಿಸುವ ರೀತಿ ಬೇರೆ ಬೇರೆ.

8 ಕೋಟಿ ಅನ್ನುವುದು ಹುಟ್ಟಿನಿಂದ ಮನೆಯಲ್ಲೇ ಫ್ರೆಂಚ್ ಕೇಳಿ ಬೆಳೆದವರ ಅಂದಾಜು ಲೆಕ್ಕ. ಫ್ರಾನ್ಸ್, ಬೆಲ್ಜಿಯಂನ ದಕ್ಷಿಣ ಭಾಗ ಮತ್ತು ಬ್ರಸೆಲ್ಸ್, ಸ್ವಿಟ್ಜರ್ಲೆಂಡಿನ ಪಶ್ಚಿಮ ಭಾಗ, ಕೆನಡದ ಕೆಬೆಕ್ ಪ್ರಾಂತ. ಹೆಚ್ಚುಕಡಿಮೆ ಇಷ್ಟರಲ್ಲೇ ಆ ಪಟ್ಟಿ ಮುಗಿಯುತ್ತದೆ. 32 ಕೋಟಿಯ ಲೆಕ್ಕ ಫ್ರಾಂಕೊಫೋನಿಯದು. ಅದು ಫ್ರೆಂಚಿನ ನಂಟಿರುವ ದೇಶಗಳ ಒಕ್ಕೂಟ. ಅವರ 2022ರ ವರದಿಯಲ್ಲಿ 32.1 ಕೋಟಿ ಅಂತಿದೆ. ಶಾಲೆಯಲ್ಲಿ ಕಲಿತವರು, ಆಫೀಸಿನಲ್ಲಿ ಬಳಸುವವರು, ಎಲ್ಲರೂ ಅದರಲ್ಲಿ ಸೇರಿದ್ದಾರೆ. ಅವರಲ್ಲಿ ನೂರಕ್ಕೆ ಅರವತ್ತಕ್ಕೂ ಜಾಸ್ತಿ ಜನ ಇರುವುದು ಆಫ್ರಿಕದಲ್ಲಿ.

ಈ ಎರಡು ಲೆಕ್ಕಗಳ ನಡುವೆ ಏನಿದೆ ಅನ್ನುವುದು ನನಗೆ ತಿಳಿದದ್ದು ಡಕಾರ್‌ನ ಒಂದು ಟ್ಯಾಕ್ಸಿಯಲ್ಲಿ. ಸೆನೆಗಲ್‌ಗೆ ಅದು ನನ್ನ ಮೊದಲ ಪ್ರಯಾಣ. ಡ್ರೈವರ್ ನನ್ನ ಜೊತೆ ಚೆನ್ನಾಗಿ ಫ್ರೆಂಚ್ ಮಾತಾಡಿದ. ಫೋನ್ ಬಂತು, ವೋಲೊಫ್ ಭಾಷೆಗೆ ಹೊರಳಿದ. ಆದರೆ ಆ ವೋಲೊಫ್ ಮಾತಿನ ನಡುವೆ ಗಂಟೆ, ತಾರೀಖು, ದುಡ್ಡಿನ ಲೆಕ್ಕ ಎಲ್ಲ ಫ್ರೆಂಚಿನಲ್ಲಿ. ಅಡ್ಡ ಬಂದ ಇನ್ನೊಬ್ಬ ಡ್ರೈವರಿಗೆ ಬೈದದ್ದು ಶುದ್ಧ ವೋಲೊಫಿನಲ್ಲಿ. ಮನೆಯಲ್ಲಿ ಫ್ರೆಂಚ್ ಆಡ್ತೀರಾ ಅಂತ ಕೇಳಿದೆ. ನಕ್ಕುಬಿಟ್ಟ. "ಮನೆಯಲ್ಲಿ ಯಾಕೆ? ಮಕ್ಕಳ ಹೋಮ್‌ವರ್ಕ್ ಇದ್ದರೆ ಮಾತ್ರ" ಅಂದ.

ಇವನನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ? 8 ಕೋಟಿಯಲ್ಲಿ ಇವನು ಇಲ್ಲ. 32 ಕೋಟಿಯಲ್ಲಿ ಇದ್ದಾನೆ. ದಿನಕ್ಕೆ ಎಂಟು ಗಂಟೆ ಫ್ರೆಂಚ್ ಇಲ್ಲದೆ ಅವನ ಹೊಟ್ಟೆಪಾಡು ನಡೆಯಲ್ಲ. ಆದರೂ ಅದು ಅವನಿಗೆ ಬೀದಿಯ ಭಾಷೆ, ಮನೆಯ ಭಾಷೆ ಅಲ್ಲ. ಫ್ರೆಂಚಿನ ಭವಿಷ್ಯ ನಿಂತಿರುವುದು ಇಂಥ ಕೋಟ್ಯಂತರ ಜನರ ಮೇಲೆ. ಜಗತ್ತಿನಲ್ಲಿ ಫ್ರೆಂಚ್ ಬಳಸುವ ಅತಿ ದೊಡ್ಡ ನಗರ ಈಗ ಪ್ಯಾರಿಸ್ ಅಲ್ಲ, ಕಾಂಗೊದ ರಾಜಧಾನಿ ಕಿನ್ಶಾಸಾ. ಅಲ್ಲಿನ ಜನಸಂಖ್ಯೆ ಒಂದೂವರೆ ಕೋಟಿ ದಾಟಿದೆ. ಸಂತೆಯಲ್ಲಿ ಲಿಂಗಾಲ, ಶಾಲೆಯಲ್ಲಿ ಫ್ರೆಂಚ್, ಹಾಡಿನಲ್ಲಿ ಎರಡೂ ಕಲಸಿಕೊಂಡಿರುತ್ತವೆ.

ಪ್ರಶ್ನೆ: ಫ್ರೆಂಚರಿಗೆ ತಮ್ಮ ಭಾಷೆಯ ಮೇಲೆ ಎಷ್ಟು ಅಭಿಮಾನ! ಇಡೀ ದೇಶ ಒಂದೇ ಭಾಷೆ ಆಡುತ್ತದೆ. ಬೇರೆಯವರು ಅವರನ್ನು ನೋಡಿ ಕಲಿಯಬಾರದೇ?
– ನಿವೃತ್ತ ಶಿಕ್ಷಕರು

ಸಾರ್, ನಿಮ್ಮ ಪ್ರಶ್ನೆ ಓದಿ ಪ್ಯಾರಿಸಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ನೆನಪಾದರು. ಅದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಇತಿಹಾಸ ಹೇಳಿಬಿಡುತ್ತೇನೆ. 1539ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ ವಿಲೆರ್-ಕೊತ್ರೆ ಅನ್ನುವ ಊರಿನಲ್ಲಿ ಒಂದು ಆಜ್ಞೆ ಹೊರಡಿಸಿದ. ಕೋರ್ಟು ಕಚೇರಿಯ ಕಾಗದಪತ್ರ ಇನ್ನು ಲ್ಯಾಟಿನ್‌ನಲ್ಲಿ ಬೇಡ, ಫ್ರೆಂಚಿನಲ್ಲಿರಲಿ ಅಂತ. ಆ ಊರಿನ ಅರಮನೆಯನ್ನು ರಿಪೇರಿ ಮಾಡಿ 2023ರಲ್ಲಿ ಅಲ್ಲೊಂದು ಫ್ರೆಂಚ್ ಭಾಷಾ ಕೇಂದ್ರ ತೆರೆದಿದ್ದಾರೆ. ಕಾಗದದ ಮೇಲೆ ಹೀಗೆ ಫ್ರೆಂಚ್ ಬಂತು. ಜನರ ಬಾಯಿಗೆ ಬಂತಾ? ಇಲ್ಲ. ಕ್ರಾಂತಿಯ ಕಾಲದಲ್ಲಿ ಅಬ್ಬೆ ಗ್ರೆಗ್ವಾರ್ ಅನ್ನುವ ಪಾದ್ರಿ ದೇಶದ ಮೂಲೆಮೂಲೆಗೆ ಪ್ರಶ್ನಾವಳಿ ಕಳಿಸಿ ವಿಚಾರಿಸಿದ. 1794ರಲ್ಲಿ ಅವನು ವರದಿ ಒಪ್ಪಿಸಿದಾಗ ದೇಶದ ಜನಸಂಖ್ಯೆ ಸುಮಾರು 2.8 ಕೋಟಿ. 60 ಲಕ್ಷ ಜನರಿಗೆ ಫ್ರೆಂಚ್ ಗೊತ್ತೇ ಇಲ್ಲ. ಇನ್ನಷ್ಟೇ ಜನರಿಗೆ ಅದರಲ್ಲಿ ನೆಟ್ಟಗೆ ಮಾತುಕತೆ ಮಾಡಲು ಬರುವುದಿಲ್ಲ. ಸರಿಯಾಗಿ ಆಡುವವರು 30 ಲಕ್ಷ ದಾಟುವುದಿಲ್ಲ. ಅಂದರೆ ಫ್ರಾನ್ಸಿನಲ್ಲೇ ಸರಿಯಾದ ಫ್ರೆಂಚ್ ಅಲ್ಪಸಂಖ್ಯಾತರ ಭಾಷೆಯಾಗಿತ್ತು! ಉಳಿದವರು ಬ್ರೆಟನ್, ಆಕ್ಸಿಟನ್, ಬಾಸ್ಕ್, ಕಾರ್ಸಿಕನ್, ಅಲ್ಸೇಶಿಯನ್ ಹೀಗೆ ತಮ್ಮ ತಮ್ಮ ಮಾತು ಆಡಿಕೊಂಡಿದ್ದರು. ಆ ವರದಿಯ ತಲೆಬರಹದಲ್ಲೇ ಇತ್ತು: ಊರುಮಾತುಗಳನ್ನು ನಾಶ ಮಾಡುವ ಅಗತ್ಯ ಮತ್ತು ವಿಧಾನ.

ವಿಧಾನ ಕೈಗೂಡಿದ್ದು ಹೆಚ್ಚುಕಡಿಮೆ ನೂರು ವರ್ಷ ಕಳೆದ ಮೇಲೆ, ಶಾಲೆಯ ಮೂಲಕ. 1880ರ ದಶಕದಲ್ಲಿ ಶಿಕ್ಷಣ ಉಚಿತವಾಯಿತು, ಕಡ್ಡಾಯವೂ ಆಯಿತು. ಒಳ್ಳೆಯದೇ. ಆದರೆ ಅಂಗಳದಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಒಂದು ಮರದ ಚಪ್ಪಲಿಯನ್ನೋ ಕಡ್ಡಿಯನ್ನೋ ತೂಗುಹಾಕುತ್ತಿದ್ದರು. ಆ ಮಗು ತನ್ನ ಥರವೇ ತಪ್ಪು ಮಾಡಿದ ಇನ್ನೊಂದು ಮಗುವನ್ನು ಹಿಡಿದುಕೊಟ್ಟರೆ ಅದು ಆ ಮಗುವಿನ ಕೊರಳಿಗೆ ಹೋಗುತ್ತದೆ. ಸಂಜೆ ಯಾರ ಕೊರಳಲ್ಲಿ ಉಳಿದಿರುತ್ತದೋ ಅವರಿಗೆ ಶಿಕ್ಷೆ. ಇದೇ ಆಟವನ್ನು ಆಮೇಲೆ ಆಫ್ರಿಕದ ಶಾಲೆಗಳಿಗೂ ಕೊಂಡೊಯ್ದರು. ಹೆಸರೂ ಅದೇ, ಸಿಂಬೊಲ್.

ನಮ್ಮ ಅಜ್ಜಿ ಫ್ರಾನ್ಸಿನ ಪಶ್ಚಿಮ ಮೂಲೆಯ ಬ್ರಿಟನಿಯವರು. ಆ ಚಪ್ಪಲಿಯ ಭಾರ ಕಂಡವರು. ನನ್ನೆದುರು ಒಂದು ದಿನವೂ ಬ್ರೆಟನ್ ಆಡಲಿಲ್ಲ. ಮಕ್ಕಳಿಗೂ ಕಲಿಸಲಿಲ್ಲ, ನಾಚಿಕೆ. ಆದರೆ ಸ್ವೆಟರ್ ಹೆಣೆಯುವಾಗ ಹೊಲಿಗೆ ಎಣಿಸುತ್ತಿದ್ದದ್ದು ಮಾತ್ರ ಬ್ರೆಟನ್‌ನಲ್ಲಿ, ತುಟಿಯಲ್ಲೇ. ನಾನು ಬಾಗಿಲಲ್ಲಿ ನಿಂತಿದ್ದು ಕಂಡರೆ ತಟ್ಟನೆ ಫ್ರೆಂಚಿಗೆ ಬರುತ್ತಿದ್ದರು. ಎಣಿಕೆ ತಪ್ಪುತ್ತಿತ್ತು. ಮತ್ತೆ ಮೊದಲಿಂದ.

1950ರ ಸುಮಾರಿಗೆ ಬ್ರೆಟನ್ ಆಡುವವರು ಹತ್ತು ಲಕ್ಷಕ್ಕೂ ಹೆಚ್ಚಿದ್ದರು. ಈಗ ಒಂದೆರಡು ಲಕ್ಷ ಇದ್ದರೆ ಅದೇ ಜಾಸ್ತಿ. ಸಣ್ಣ ಭಾಷೆಗಳನ್ನು ಕಾಪಾಡುವ ಯುರೋಪಿನ ಒಪ್ಪಂದಕ್ಕೆ ಫ್ರಾನ್ಸ್ 1999ರಲ್ಲಿ ಸಹಿ ಹಾಕಿತು, ಇವತ್ತಿಗೂ ಜಾರಿಗೆ ತಂದಿಲ್ಲ. ಅಭಿಮಾನ ಇದೆ ಸಾರ್, ಇಲ್ಲ ಅನ್ನಲ್ಲ. ಅದರ ಬಿಲ್ಲು ಯಾರು ಕಟ್ಟಿದರು ಅಂತ ನನಗೆ ಆ ಅಜ್ಜಿಯನ್ನು ನೋಡಿ ಗೊತ್ತಾಯಿತು.

ಪ್ರಶ್ನೆ: 97ಕ್ಕೆ ಫ್ರೆಂಚಿನಲ್ಲಿ "ನಾಲ್ಕು ಇಪ್ಪತ್ತು ಹದಿನೇಳು" ಅಂತಾರಂತೆ. ನಿಜಾನಾ?
– ಹೈಸ್ಕೂಲ್ ಹುಡುಗ

ನಿಜ ಪುಟ್ಟಾ. ಕಾತ್ರ್-ವ್ಯಾಂ-ದಿಸ್-ಸೆತ್. ನಾಲ್ಕು ಸಲ ಇಪ್ಪತ್ತು, ಮೇಲೆ ಹದಿನೇಳು. ಹಿಂದೆ ಇಪ್ಪತ್ತರ ಗುಂಪು ಮಾಡಿ ಎಣಿಸುವ ಪದ್ಧತಿ ಇತ್ತು, ಅದರ ಉಳಿಕೆ ಇದು. ಪ್ಯಾರಿಸಿನಲ್ಲಿ "ಹದಿನೈದು ಇಪ್ಪತ್ತುಗಳು" ಅನ್ನುವ ಹೆಸರಿನ ಕಣ್ಣಾಸ್ಪತ್ರೆ ಇದೆ. 13ನೇ ಶತಮಾನದಲ್ಲಿ 300 ಕುರುಡರಿಗೆ ಆಸರೆ ಕೊಡಲು ಶುರುವಾದದ್ದು. ಲೆಕ್ಕ ಹಾಕಿ ನೋಡು. ಮೇಲೆ ಹೇಳಿದೆನಲ್ಲ, ಆ ಅಜ್ಜಿಯ ಬ್ರೆಟನ್‌ನಲ್ಲೂ 80 ಅಂದರೆ ನಾಲ್ಕು ಇಪ್ಪತ್ತೇ.

ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಈ ಗೋಜು ಬೇಡ ಅಂತ 70ಕ್ಕೆ ಸೆಪ್ತಾಂತ್, 90ಕ್ಕೆ ನೊನಾಂತ್ ಅನ್ನುತ್ತಾರೆ. ಬೆಲ್ಜಿಯಂ ಆಳಿದ್ದರಿಂದ ಕಾಂಗೊದವರೂ ಹಾಗೇ. ಗೂಡಿನಲ್ಲಿ ಕೂತ ದುಭಾಷಿಗೆ ಇದು ಎಂಥ ಉಪಕಾರ ಗೊತ್ತಾ? ಪ್ಯಾರಿಸಿನವರು "ನಾಲ್ಕು" ಅಂದ ತಕ್ಷಣ ಹೊಸಬರು 4 ಅಂತ ಬರೆದುಬಿಡುತ್ತಾರೆ. ಆಮೇಲೆ "ಇಪ್ಪತ್ತು" ಬರುತ್ತದೆ, ಹೊಡೆದು 80 ಮಾಡುತ್ತಾರೆ. ಆಮೇಲೆ "ಹದಿನೇಳು". ಅಷ್ಟರಲ್ಲಿ ಭಾಷಣ ಮಾಡುವವರು ಮುಂದಿನ ಪುಟಕ್ಕೆ ಹೋಗಿರುತ್ತಾರೆ. ಕಿನ್ಶಾಸಾದಿಂದ ಬಂದ ಅಧಿಕಾರಿಯೊಬ್ಬರು ಬಜೆಟ್ ಓದಿದ ದಿನ ನನ್ನ ಕಾಗದದಲ್ಲಿ ಒಂದೂ ಕಾಟು ಇರಲಿಲ್ಲ.

ಪ್ರಶ್ನೆ: ಸುತ್ತ ಇಂಗ್ಲಿಷ್ ಸಮುದ್ರ. ಕೆಬೆಕ್‌ನಲ್ಲಿ ಫ್ರೆಂಚ್ ಹೇಗೆ ಉಳಿಯಿತು?
– ಬ್ಯಾಂಕ್ ಉದ್ಯೋಗಿ

ಕಾನೂನಿನಿಂದ, ಹಟದಿಂದ. ಕೆಬೆಕ್‌ನ ಜನಸಂಖ್ಯೆ ಸುಮಾರು 90 ಲಕ್ಷ. ಅಕ್ಕಪಕ್ಕ ಇಂಗ್ಲಿಷಿನವರು 30 ಕೋಟಿಗೂ ಮೇಲೆ. 1960ರ ದಶಕದವರೆಗೂ ಮಾಂಟ್ರಿಯಲ್‌ನಲ್ಲಿ ದೊಡ್ಡ ಕೆಲಸ ಬೇಕಾದರೆ ಇಂಗ್ಲಿಷ್ ಬೇಕಿತ್ತು. ಹೊರಗಿನಿಂದ ಬಂದು ನೆಲೆಸಿದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಿದ್ದರು. 1977ರಲ್ಲಿ 101ನೇ ಮಸೂದೆ ಬಂತು. ಹೊಸದಾಗಿ ಬಂದವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು, ಅಂಗಡಿ ಬೋರ್ಡು ಫ್ರೆಂಚಿನಲ್ಲಿರಬೇಕು, ಕೆಲಸದ ಜಾಗದಲ್ಲೂ ಫ್ರೆಂಚ್ ನಡೆಯಬೇಕು ಅಂತ. ದೊಡ್ಡ ಜಗಳವೇ ಆಯಿತು. ಬೋರ್ಡಿನ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಈಗ ಬೇರೆ ಭಾಷೆ ಇರಬಹುದು, ಆದರೆ ಫ್ರೆಂಚ್ ಎದ್ದು ಕಾಣಬೇಕು ಅನ್ನುವ ನಿಯಮ. ಕಟ್ಟುನಿಟ್ಟು ಅತಿಯಾದದ್ದೂ ಉಂಟು. 2013ರಲ್ಲಿ ಒಂದು ಇಟಾಲಿಯನ್ ಹೋಟೆಲಿನ ಮೆನುವಿನಲ್ಲಿ "ಪಾಸ್ತಾ" ಅಂತ ಯಾಕಿದೆ ಅಂತ ಭಾಷಾ ಇಲಾಖೆ ಕೇಳಿತು. ಊರೆಲ್ಲ ನಕ್ಕಿತು. ಇಲಾಖೆಯ ಮುಖ್ಯಸ್ಥರು ಕುರ್ಚಿ ಬಿಟ್ಟರು.

ಆದರೆ ಶಾಲೆಯ ನಿಯಮ ಕೆಲಸ ಮಾಡಿತು. ಹೈಟಿ, ವಿಯೆಟ್ನಾಂ, ಲೆಬನಾನ್‌ನಿಂದ ಬಂದವರ ಮಕ್ಕಳು ಇವತ್ತು ಮಾಂಟ್ರಿಯಲ್‌ನ ಬಸ್ಸಿನಲ್ಲಿ ತಮ್ಮತಮ್ಮಲ್ಲಿ ಫ್ರೆಂಚ್ ಹರಟುವುದನ್ನು ಕೇಳಿ ನೋಡಿ. ಅವರಿಗೆ "101ರ ಮಕ್ಕಳು" ಅಂತಲೇ ಹೆಸರು.

ಒಂದು ತಮಾಷೆ. ಪ್ಯಾರಿಸಿನ ರಸ್ತೆಯಲ್ಲಿ ಕೆಂಪು ಫಲಕದ ಮೇಲೆ "ಸ್ಟಾಪ್" ಅಂತಿರುತ್ತದೆ. ಕೆಬೆಕ್‌ನಲ್ಲಿ "ಆರೆ". ಪ್ಯಾರಿಸಿನವರಿಗೆ ವಾರದ ಕೊನೆ "ವೀಕೆಂಡ್", ಕೆಬೆಕ್‌ನವರಿಗೆ ಅಚ್ಚ ಫ್ರೆಂಚಿನ "ವಾರದ ಕೊನೆ"ಯೇ. ಇಮೇಲ್‌ಗೆ ಅವರು ಕಟ್ಟಿದ "ಕೂರಿಯೆಲ್" ಪದವನ್ನು 2003ರಲ್ಲಿ ಫ್ರಾನ್ಸಿನ ಸರ್ಕಾರವೂ ಒಪ್ಪಿಕೊಂಡಿತು. ಫ್ರಾನ್ಸಿನ ಜನ ಮಾತ್ರ ಇನ್ನೂ "ಮೇಲ್" ಅಂತಲೇ ಅನ್ನುತ್ತಾರೆ.

ನನಗೆ ಅಲ್ಲಿ ಆದ ಅವಮಾನವನ್ನೂ ಹೇಳಿಬಿಡುತ್ತೇನೆ. ಮಾಂಟ್ರಿಯಲ್‌ನ ಒಂದು ಕುಟುಂಬ ಭಾನುವಾರ "ದಿನೆ"ಗೆ ಬನ್ನಿ ಅಂತ ಕರೆಯಿತು. ಪ್ಯಾರಿಸಿನಲ್ಲಿ ಕಲಿತವಳು ನಾನು, ದಿನೆ ಅಂದರೆ ರಾತ್ರಿ ಊಟ. ನೆಟ್ಟಗೆ ಸೀರೆ ಉಟ್ಟು, ಹೂಗುಚ್ಛ ಹಿಡಿದು ಎಂಟು ಗಂಟೆಗೆ ಹೋದೆ. ಪಾಪ, ಅವರು ಮಧ್ಯಾಹ್ನ ಹನ್ನೆರಡರಿಂದ ಕಾದು ಕಾದು ಸುಸ್ತಾಗಿ, ಎಲ್ಲ ತೊಳೆದಿಟ್ಟು ಕೂತಿದ್ದರು. ಅಲ್ಲಿ ದಿನೆ ಅಂದರೆ ಮಧ್ಯಾಹ್ನದ ಊಟ, ರಾತ್ರಿಯದು "ಸೂಪೆ". ಬ್ರಸೆಲ್ಸ್‌ನಲ್ಲೂ ಹಾಗೇ ಅಂತ ಆಮೇಲೆ ಗೊತ್ತಾಯಿತು. ಹಿಂದೆ ಎಲ್ಲರೂ ಹೀಗೇ ಅನ್ನುತ್ತಿದ್ದರಂತೆ. ಪ್ಯಾರಿಸಿನವರ ಊಟದ ಹೊತ್ತು ತಡವಾಗುತ್ತಾ ಹೋಯಿತು, ಹೆಸರೂ ಅದರ ಜೊತೆ ಜಾರಿತು. ಹಳೆಯದನ್ನು ಉಳಿಸಿಕೊಂಡವರು ಕೆಬೆಕ್‌ನವರು. ಹಾಗಾದರೆ ತಪ್ಪು ಯಾರದು? ನನ್ನದೇ ಅಂತ ಒಪ್ಪಿಕೊಂಡು ಮಿಕ್ಕಿದ್ದನ್ನು ತಿಂದೆ.

ಪ್ರಶ್ನೆ: ಫ್ರೆಂಚಿನಲ್ಲಿ ಯಾವ ಪದ ಸರಿ, ಯಾವುದು ತಪ್ಪು ಅಂತ ಅಕಾಡೆಮಿ ತೀರ್ಮಾನ ಮಾಡುತ್ತದಂತೆ. ನಮಗೂ ಅಂಥದ್ದು ಇದ್ದರೆ ಚೆನ್ನ ಅಲ್ವಾ?
– ಹೆಸರು ಬರೆದಿಲ್ಲ

ಅಕಾಡೆಮಿ 1635ರಿಂದ ಇದೆ. ನಲವತ್ತು ಜನ ಸದಸ್ಯರು, "ಅಮರರು" ಅಂತ ಬಿರುದು, ಹಸಿರು ಕಸೂತಿಯ ಕೋಟು, ಕತ್ತಿ. ಅವರ ನಿಘಂಟಿನ ಎಂಟನೇ ಆವೃತ್ತಿ 1935ರಲ್ಲಿ ಮುಗಿಯಿತು. ಒಂಬತ್ತನೆಯದು 2024ರಲ್ಲಿ. ಒಂದು ಆವೃತ್ತಿಗೂ ಇನ್ನೊಂದಕ್ಕೂ ನಡುವೆ 89 ವರ್ಷ! 2020ರಲ್ಲಿ ಕೋವಿಡ್ ಪದ ಸ್ತ್ರೀಲಿಂಗ ಅಂತ ಅವರು ಹೇಳುವ ಹೊತ್ತಿಗೆ ಫ್ರಾನ್ಸಿನ ಬೀದಿಯಲ್ಲಿ ಅದು ಪುಲ್ಲಿಂಗವಾಗಿ ತಿಂಗಳುಗಳೇ ಆಗಿದ್ದವು. ಹಾಗೇ ಉಳಿಯಿತು. ಅದನ್ನು ಸ್ತ್ರೀಲಿಂಗವಾಗಿ ಬಳಸಿದ್ದು ಕೆಬೆಕ್‌ನವರು.

ಪದಗಳು ಹುಟ್ಟುವುದು ಬೇರೆ ಕಡೆ. ಡಕಾರ್‌ನ ಅದೇ ಟ್ಯಾಕ್ಸಿಯಲ್ಲಿ ಪೆಟ್ರೋಲ್ ಬಂಕ್‌ಗೆ ಪಠ್ಯಪುಸ್ತಕದ "ಸ್ತಾಸ್ಯೊಂ-ಸೆರ್ವಿಸ್" ಅಂದೆ. "ಓ, ಎಸಾಂಸ್ರಿಯಾ?" ಅಂದ ಡ್ರೈವರ್. ಎಸಾಂಸ್ ಅಂದರೆ ಪೆಟ್ರೋಲ್. ಬ್ರೆಡ್ಡಿನ ಅಂಗಡಿ ಬುಲಾಂಜ್ರಿ ಆದರೆ ಪೆಟ್ರೋಲಿನ ಅಂಗಡಿ ಎಸಾಂಸ್ರಿ ಯಾಕಾಗಬಾರದು? ನನಗಂತೂ ಪ್ಯಾರಿಸಿನ ಪದಕ್ಕಿಂತ ಇದೇ ಚಂದ ಅನಿಸಿತು. ಸೆನೆಗಲ್‌ನ ಮೊದಲ ಅಧ್ಯಕ್ಷ, ಕವಿ ಸೆಂಗೋರ್ 1983ರಲ್ಲಿ ಆ ಅಕಾಡೆಮಿಗೇ ಆಯ್ಕೆಯಾದರು. ಅಲ್ಲಿ ಕೂತ ಮೊದಲ ಆಫ್ರಿಕನ್ ಅವರೇ. ನಿಮ್ಮ ಎರಡನೇ ಪ್ರಶ್ನೆಗೆ: ನಲವತ್ತು ಕತ್ತಿ ಮಾಡಿಸುವ ಖರ್ಚು ನೋಡಿಕೊಳ್ಳಿ.

ಪ್ರಶ್ನೆ: ಆಫ್ರಿಕದ ದೇಶಗಳು ಒಂದೊಂದಾಗಿ ಫ್ರೆಂಚನ್ನು ಕಿತ್ತುಹಾಕುತ್ತಿವೆ. ನೀವು ನೋಡಿದರೆ ಆಫ್ರಿಕವೇ ಭವಿಷ್ಯ ಅಂತ ಬರೆದಿದ್ದೀರಿ. ಇದು ಹೇಗೆ?
– ವಕೀಲರು

ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ನಡೆದದ್ದು ಇಷ್ಟು. ಮಾಲಿ 2023ರಲ್ಲಿ ಹೊಸ ಸಂವಿಧಾನ ತಂದಿತು. ಅದರಲ್ಲಿ 13 ದೇಶಭಾಷೆಗಳು ಅಧಿಕೃತವಾದವು. ಫ್ರೆಂಚ್ ಬರೀ "ಕೆಲಸದ ಭಾಷೆ" ಆಯಿತು. ಬುರ್ಕಿನಾ ಫಾಸೊ ಅದೇ ದಾರಿ ಹಿಡಿಯಿತು. ನೈಜರ್ 2025ರಲ್ಲಿ ಹೌಸಾ ಭಾಷೆಗೆ ಮೊದಲ ಮಣೆ ಕೊಟ್ಟಿತು. ಮೂರೂ ಕಡೆ ಸೈನ್ಯದ ಆಡಳಿತ, ಮೂರೂ ಕಡೆ ಫ್ರಾನ್ಸಿನ ಮೇಲೆ ಸಿಟ್ಟು. 2025ರ ಮಾರ್ಚಿನಲ್ಲಿ ಮೂರೂ ಫ್ರಾಂಕೊಫೋನಿಯಿಂದ ಹೊರಬಂದವು. ಆ ಒಕ್ಕೂಟ ಹುಟ್ಟಿದ್ದೇ ನೈಜರಿನ ರಾಜಧಾನಿ ನಿಯಾಮೆಯಲ್ಲಿ, 1970ರ ಮಾರ್ಚ್ 20ರಂದು. ಆ ದಿನವನ್ನು ಪ್ರತಿವರ್ಷ ಆಚರಿಸುತ್ತಾರೆ. ಹಬ್ಬಕ್ಕೆ ಮೂರು ದಿನ ಇರುವಾಗ ಮನೆಯ ಯಜಮಾನನೇ ಎದ್ದು ಹೋದ ಹಾಗಾಯಿತು.

ಈಗ ಇನ್ನೊಂದು ಮಗ್ಗುಲು ನೋಡಿ. ಹೊರಬರುತ್ತೇವೆ ಅನ್ನುವ ಪತ್ರ ಯಾವ ಭಾಷೆಯಲ್ಲಿತ್ತು? ಫ್ರೆಂಚಿನಲ್ಲಿ. ಫ್ರೆಂಚನ್ನು ಕೆಳಗಿಳಿಸಿದ ಮಾಲಿಯ ಸಂವಿಧಾನವನ್ನು ಬರೆದದ್ದೂ ಫ್ರೆಂಚಿನಲ್ಲೇ. ವಕೀಲರಾದ ನಿಮಗೆ ಗೊತ್ತಿರುತ್ತದೆ, ಒಂದು ದೇಶದ ಕಾಯ್ದೆ, ಹಳೆಯ ತೀರ್ಪು, ದಸ್ತಾವೇಜು ಎಲ್ಲ ಒಂದು ಭಾಷೆಯಲ್ಲಿದ್ದರೆ ಅದು ಬೆಳಗಾಗುವುದರೊಳಗೆ ಬದಲಾಗುವುದಿಲ್ಲ. ಮಾಲಿಯ ಬೀದಿಯಲ್ಲಿ ಮೊದಲಿಂದಲೂ ಬಂಬಾರಾ ಭಾಷೆಯದೇ ರಾಜ್ಯ. ಅದಕ್ಕೆ ಸಂವಿಧಾನದಲ್ಲಿ ಜಾಗ ಸಿಕ್ಕಿದ್ದು ನನಗೆ ಸಂತೋಷವೇ. ಬ್ರೆಟನ್ ಅಜ್ಜಿಯನ್ನು ನೋಡಿದವಳು ಇನ್ನೇನು ಹೇಳಲಿ?

ಸಿಟ್ಟಿಗೂ ಬಳಕೆಗೂ ಇರುವ ನಂಟು ವಿಚಿತ್ರ. ಅಲ್ಜೀರಿಯವನ್ನು ಫ್ರಾನ್ಸ್ 1830ರಿಂದ 1962ರವರೆಗೆ ಹಿಡಿದಿಟ್ಟಿತ್ತು. ಬಿಡುಗಡೆಗೆ ರಕ್ತ ಹರಿಯಿತು. ಆ ದೇಶ ಫ್ರಾಂಕೊಫೋನಿಗೆ ಸೇರಲೇ ಇಲ್ಲ. ಆದರೆ ಅಲ್ಲಿನ ಲೇಖಕ ಕಾತೆಬ್ ಯಾಸಿನ್ ಫ್ರೆಂಚನ್ನು "ಯುದ್ಧದಲ್ಲಿ ಗೆದ್ದ ಲೂಟಿ" ಅಂತ ಕರೆದರು. ನಿಮ್ಮದನ್ನು ಕಿತ್ತುಕೊಂಡಿದ್ದೇವೆ, ಇನ್ನು ಅದು ನಮ್ಮದು ಅಂತ ಅರ್ಥ. ಈಗ 2022ರಿಂದ ಅಲ್ಲಿ ಮೂರನೇ ಕ್ಲಾಸಿನಿಂದಲೇ ಇಂಗ್ಲಿಷ್ ಕಲಿಸುತ್ತಿದ್ದಾರೆ. ರುವಾಂಡ 2008ರಲ್ಲಿ ಶಾಲೆಗಳನ್ನು ಇಂಗ್ಲಿಷಿಗೆ ತಿರುಗಿಸಿತು, ಮರುವರ್ಷ ಕಾಮನ್‌ವೆಲ್ತ್ ಸೇರಿತು. 2018ರಲ್ಲಿ ಫ್ರಾಂಕೊಫೋನಿಗೆ ಮುಖ್ಯಸ್ಥೆಯಾಗಿ ಆಯ್ಕೆಯಾದವರು ಯಾರು? ಅದೇ ರುವಾಂಡದ ವಿದೇಶಾಂಗ ಸಚಿವೆ ಲೂಯಿಸ್ ಮುಶಿಕಿವಾಬೊ. ಕ್ಯಾಮರೂನಿನಲ್ಲಿ ಕಥೆ ಉಲ್ಟಾ. ಅಲ್ಲಿ ಇಂಗ್ಲಿಷ್ ಪ್ರದೇಶದ ವಕೀಲರು, ಮೇಷ್ಟ್ರುಗಳು 2016ರಲ್ಲಿ ಬೀದಿಗಿಳಿದದ್ದು ತಮ್ಮ ಕೋರ್ಟು, ಶಾಲೆಗಳಿಗೆ ಫ್ರೆಂಚ್ ನುಗ್ಗುತ್ತಿದೆ ಅಂತ. ಅದು ಆಮೇಲೆ ಬಂದೂಕಿನವರೆಗೂ ಹೋಯಿತು.

ಅದಕ್ಕೇ ಕಿತ್ತುಹಾಕುತ್ತಿವೆ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫ್ರಾನ್ಸ್ ದೇಶದ ಮಾತು ಅಲ್ಲಿ ನಡೆಯುವುದು ಕಡಿಮೆಯಾಗುತ್ತಿದೆ. ಫ್ರೆಂಚ್ ಭಾಷೆಯ ಮಾತು ಬೇರೆ.

ಪ್ರಶ್ನೆ: ಆಫ್ರಿಕದ ಲೇಖಕರು ಫ್ರೆಂಚಿನಲ್ಲಿ ಬರೆದರೆ ಪ್ಯಾರಿಸಿನವರು ಓದುತ್ತಾರಾ?
– ಗ್ರಂಥಪಾಲಕಿ

ಮೊದಲು ಮೂಗು ಮುರಿಯುತ್ತಿದ್ದರು. ಐವರಿ ಕೋಸ್ಟಿನ ಅಹ್ಮದು ಕುರುಮಾ ತನ್ನ ಮೊದಲ ಕಾದಂಬರಿಯನ್ನು ತನ್ನ ಮಲಿಂಕೆ ಭಾಷೆಯ ಲಯದಲ್ಲಿ, ಫ್ರೆಂಚನ್ನು ಬಗ್ಗಿಸಿ ಬರೆದ. ಫ್ರಾನ್ಸಿನ ಪ್ರಕಾಶಕರು ಬೇಡ ಅಂದರು. 1968ರಲ್ಲಿ ಅಚ್ಚು ಹಾಕಿದ್ದು ಮಾಂಟ್ರಿಯಲ್‌ನವರು. ಎರಡು ವರ್ಷ ಬಿಟ್ಟು ಪ್ಯಾರಿಸಿನಲ್ಲೂ ಬಂತು. ಈಗ ಪಾಠಕ್ಕಿಡುತ್ತಾರೆ. 2021ರಲ್ಲಿ ಫ್ರಾನ್ಸಿನ ದೊಡ್ಡ ಪ್ರಶಸ್ತಿ ಗೊಂಕೂರ್ ಸಿಕ್ಕಿದ್ದು ಸೆನೆಗಲ್‌ನ ಮೊಹಮದ್ ಎಂಬುಗರ್ ಸಾರ್ ಅವರಿಗೆ, ಆಗ ವಯಸ್ಸು 31. ಆ ಪುಸ್ತಕವನ್ನು ಪ್ಯಾರಿಸಿನ ಒಂದು ಸಣ್ಣ ಪ್ರಕಾಶನದ ಜೊತೆ ಸೇರಿ ಹೊರತಂದದ್ದು ಸೆನೆಗಲ್‌ನದೇ ಇನ್ನೊಂದು ಪ್ರಕಾಶನ. ನನಗೆ ಪ್ರಶಸ್ತಿಗಿಂತ ಆ ಎರಡನೇ ಹೆಸರು ಕಂಡು ಖುಷಿಯಾಯಿತು.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಫ್ರೆಂಚ್ ತಗೋತೀನಿ ಅಂತಾಳೆ. ಯಂತ್ರವೇ ಅನುವಾದ ಮಾಡುವ ಕಾಲದಲ್ಲಿ ಇದರಿಂದ ಏನಾದರೂ ಪ್ರಯೋಜನ ಇದೆಯಾ? 2050ಕ್ಕೆ 70 ಕೋಟಿ ಜನ ಫ್ರೆಂಚ್ ಆಡ್ತಾರೆ ಅಂತ ಟ್ಯೂಷನ್‌ನವರು ಹೇಳಿದರು.
– ಒಬ್ಬ ತಾಯಿ

ಟ್ಯೂಷನ್‌ನವರು ಹೇಳಿದ ಅಂಕಿ ಫ್ರಾಂಕೊಫೋನಿಯದೇ, 71.5 ಕೋಟಿ ಅಂತ ಅವರ ಅಂದಾಜು. ಆದರೆ ಅದರ ಬಾಲದಲ್ಲಿ ಒಂದು "ಆದರೆ" ಇದೆ, ಅದನ್ನು ಯಾರೂ ಜಾಹೀರಾತಿಗೆ ಹಾಕುವುದಿಲ್ಲ. ಆಫ್ರಿಕದಲ್ಲಿ ಮಕ್ಕಳು ಹೆಚ್ಚುತ್ತಾರೆ, ಅದು ಖಂಡಿತ. ಆ ಮಕ್ಕಳೆಲ್ಲ ಶಾಲೆಗೆ ಹೋಗಬೇಕು, ಶಾಲೆಯಲ್ಲಿ ಫ್ರೆಂಚ್ ಇರಬೇಕು, ಕಲಿಸಲು ಮೇಷ್ಟ್ರು ಇರಬೇಕು. ಕಾಂಗೊದ ಒಂದು ಶಾಲೆಗೆ ನಾನು ಹೋಗಿದ್ದೆ. ಒಂದು ಬೆಂಚಿಗೆ ಐದು ಮಕ್ಕಳು, ಪುಸ್ತಕ ಒಂದು. ಮೇಷ್ಟ್ರು ಫ್ರೆಂಚಿನಲ್ಲಿ ಹೇಳುತ್ತಾರೆ, ಮಕ್ಕಳು ಒಕ್ಕೊರಲಿನಿಂದ ಒಪ್ಪಿಸುತ್ತಾರೆ. ಎಷ್ಟು ಅರ್ಥವಾಯಿತು? ಮೇಷ್ಟ್ರು ಲಿಂಗಾಲಕ್ಕೆ ಹೊರಳಿದ ಕ್ಷಣ ಎಲ್ಲರ ಕಣ್ಣು ಮೇಲೆ ಬಂದವು. ಮೊದಲ ಒಂದೆರಡು ವರ್ಷ ಮನೆಮಾತಿನಲ್ಲಿ ಓದು ಬರಹ ಕಲಿಸಿ, ಆಮೇಲೆ ಫ್ರೆಂಚಿಗೆ ಬಂದರೆ ಫ್ರೆಂಚೂ ಚೆನ್ನಾಗಿ ಬರುತ್ತದೆ. ಇದು ಈಗ ಫ್ರಾಂಕೊಫೋನಿಗೂ ಗೊತ್ತಾಗಿದೆ. ಎಲಾನ್ ಅನ್ನುವ ಹೆಸರಿನಲ್ಲಿ ಅವರೇ ಅಂಥ ಕೆಲಸ ಮಾಡುತ್ತಿದ್ದಾರೆ. ಕೊರಳಿಗೆ ಚಪ್ಪಲಿ ಹಾಕಿದ ಭಾಷೆ ಇಲ್ಲಿಗೆ ಬರಲು ನೂರು ವರ್ಷದ ಮೇಲೆ ಹಿಡಿಯಿತು. 71.5 ಕೋಟಿ ಆಗುತ್ತದೋ ಇಲ್ಲವೋ ಅನ್ನುವುದು ಆ ಬೆಂಚಿನ ಮೇಲೆ ತೀರ್ಮಾನವಾಗುತ್ತದೆ.

ಇನ್ನು ಮಗಳ ವಿಷಯ. ಇಂಗ್ಲಿಷಿನ ಬದಲು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಗ್ಲಿಷಿನ ಜೊತೆಗೆ ಅಂದರೆ ಅದಕ್ಕೆ ಬೆಲೆ ಇದೆ. ವಿಶ್ವಸಂಸ್ಥೆಗೆ ಅಧಿಕೃತ ಭಾಷೆ ಆರು, ಆದರೆ ಅದರ ಸಚಿವಾಲಯದ ದಿನದ ಕೆಲಸ ನಡೆಯುವುದು ಎರಡೇ ಭಾಷೆಯಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್. ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ನ್ಯಾಯಾಲಯದ ಒಳಗಿನ ಕೆಲಸದ ಭಾಷೆ ಇವತ್ತಿಗೂ ಫ್ರೆಂಚ್. ಪಶ್ಚಿಮ ಆಫ್ರಿಕದಲ್ಲಿ ಆರೋಗ್ಯ, ನೀರು, ಗಣಿ, ಫೋನು, ಯಾವ ಕೆಲಸಕ್ಕೆ ಹೋದರೂ ಅದು ಬೇಕು.

ಯಂತ್ರ ಪತ್ರಿಕೆಯ ಫ್ರೆಂಚನ್ನು ನನಗಿಂತ ವೇಗವಾಗಿ ಮಾಡುತ್ತದೆ, ಒಪ್ಪಿದೆ. ಆದರೆ ದಿನೆಗೆ ಎಷ್ಟು ಗಂಟೆಗೆ ಹೋಗಬೇಕು ಅಂತ ಅದು ನಿಮ್ಮ ಮಗಳಿಗೆ ಹೇಳುತ್ತದಾ? ಅವಳು ಇಷ್ಟಪಟ್ಟು ಕೇಳುತ್ತಿದ್ದರೆ ಸೇರಿಸಿ. ಸ್ಕೋರಿಂಗ್ ಸಬ್ಜೆಕ್ಟ್ ಅಂತ ಯಾರೋ ಹೇಳಿದ್ದಕ್ಕೆ ಆದರೆ ಬೇಡ, ಎರಡು ವರ್ಷದಲ್ಲಿ ಮರೆಯುತ್ತಾಳೆ. ಸೇರಿದ ಮೇಲೆ ಪ್ಯಾರಿಸಿನ ರೇಡಿಯೊ ಒಂದನ್ನೇ ಕೇಳಬೇಡ ಅನ್ನಿ. ಡಕಾರ್, ಐವರಿ ಕೋಸ್ಟಿನ ಅಬಿಜಾನ್, ಮಾಂಟ್ರಿಯಲ್, ಜಿನೀವಾ, ವಾರಕ್ಕೊಂದು ಊರು. ಮೊದಲ ತಿಂಗಳು ಏನೂ ತಿಳಿಯುವುದಿಲ್ಲ. ಅಳಬಾರದು.

ಪ್ರಶ್ನೆ: ನಿಮಗೆ ಇಷ್ಟವಾದ ಒಂದು ಫ್ರೆಂಚ್ ಪದ ಹೇಳಿ.
– ಪಿಯುಸಿ ಹುಡುಗಿ

ಸಾಂಜಾಯೆ. ಮಜಾ ಮಾಡು, ಕುಣಿದು ಕುಪ್ಪಳಿಸು ಅಂತ ಅರ್ಥ. ನಾನು ಕಲಿತ ಕಾಲದ ನಿಘಂಟಿನಲ್ಲಿ ಇದು ಇರಲಿಲ್ಲ. ಅಬಿಜಾನಿನ ಹುಡುಗರು ನೂಶಿ ಅನ್ನುವ ತಮ್ಮದೇ ಒಂದು ಬೀದಿಮಾತು ಕಟ್ಟಿಕೊಂಡಿದ್ದಾರೆ. ಫ್ರೆಂಚ್, ಜುಲಾ, ಬವುಲೆ, ಕೈಗೆ ಸಿಕ್ಕಿದ್ದೆಲ್ಲ ಅದರಲ್ಲಿದೆ. ಅವರು ಇಂಗ್ಲಿಷಿನ "ಎಂಜಾಯ್" ಅನ್ನು ತಗೊಂಡು, ಅದಕ್ಕೆ ಫ್ರೆಂಚ್ ಬಾಲ ಅಂಟಿಸಿ, ಕ್ರಿಯಾಪದ ಮಾಡಿಬಿಟ್ಟರು. ಹಾಡುಗಳ ಜೊತೆ ಅದು ಪ್ಯಾರಿಸಿಗೆ ಹೋಯಿತು. ಈಗ ಅಲ್ಲಿನ ನಿಘಂಟಿನಲ್ಲೂ ಇದೆ. ಇಂಗ್ಲಿಷಿನ "ಎಂಜಾಯ್" ತಾನೇ ನೂರಾರು ವರ್ಷದ ಹಿಂದೆ ಹಳೆಯ ಫ್ರೆಂಚಿನಿಂದ ಹೋದದ್ದು. ಊರೆಲ್ಲ ಸುತ್ತಿ, ಅಬಿಜಾನಿನಲ್ಲಿ ಬಟ್ಟೆ ಬದಲಿಸಿ, ತವರಿಗೆ ಬಂದಿದೆ.

ನಾನು ಅದನ್ನು ಮೊದಲು ಕೇಳಿದ್ದು ಗೂಡಿನಲ್ಲೇ. ಅಬಿಜಾನಿನ ಯುವ ಪ್ರತಿನಿಧಿಯೊಬ್ಬ ಭಾಷಣದ ಕೊನೆಗೆ "ಸಂಜೆ ಎಲ್ಲರೂ ಸಾಂಜಾಯೆ ಮಾಡೋಣ" ಅಂದ. ಆಫ್ರಿಕದವರೆಲ್ಲ ಚಪ್ಪಾಳೆ ತಟ್ಟಿದರು. ಫ್ರಾನ್ಸಿನ ಪ್ರತಿನಿಧಿಗಳು ಮುಖ ಮುಖ ನೋಡಿಕೊಂಡರು. ನಾನು ಎರಡು ಸೆಕೆಂಡು ಸುಮ್ನೆ ಕೂತೆ, ಆಮೇಲೆ "ಸಂಜೆ ಒಂದು ಕಾರ್ಯಕ್ರಮ ಇದೆ" ಅಂತ ಇಂಗ್ಲಿಷಿನಲ್ಲಿ ಹೇಳಿ ಪಾರಾದೆ.